ಎರಡು ಕ್ಷೇತ್ರ, ಒಬ್ಬ ಸ್ವಾಮೀಜಿ



ಕಳೆದ ಸೆಪ್ಟೆಂಬರ್ 17ರ ಕಾರ್ಯಕ್ರಮದಲ್ಲಿ ನಾನು ಸ್ವಾಮಿ ರಮಾನಂದ ತೀರ್ಥರನ್ನು ‘ಮರಾಠವಾಡದ ನಾಯಕರು’ ಎಂದಷ್ಟೇ ಪರಿಚಯಿಸಿದ್ದೆ. ಮುಂದಿನ ಹಾಡು ಮುಗಿಯುವ ಮೊದಲೇ ಫೋನ್ ಬಂತು. ಕಲಬುರಗಿ ಕಡೆಯ ಹಿರಿಯರೊಬ್ಬರ ದನಿ. “ಏನ್ರೀ, ಅವ್ರು ನಮ್ಮ ಎಂ.ಪಿ. ಇದ್ರು. ನಮ್ಮಪ್ಪ ಮೊದಲ್ನೇ ಓಟು ಹಾಕಿದ್ದೇ ಅವ್ರಿಗೆ. ನಮ್ಮನ್ನ ಬಿಟ್ಟೇ ಬಿಟ್ರಲ್ಲ!” ಕನ್ನಡ ಬಿ.ಎ. ಓದಿದವಳು ನಾನು, ಇದು ಗೊತ್ತಿರಲಿಲ್ಲ. ತಪ್ಪು ನನ್ನದೇ. ಅದನ್ನು ತಿದ್ದಿಕೊಳ್ಳುವುದಕ್ಕೇ ಇಂದಿನ ಈ ಮಾತು.

ಮೊನ್ನೆ ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಹೋದೆ. 2023ರವರೆಗೆ ಅದು ಔರಂಗಾಬಾದ್. ಯೇವಲಾ ದಾಟಿ ವೈಜಾಪುರದ ಕಡೆ ಹೋಗುವಾಗ ಹಳೆಯ ಒಂದು ಗಡಿ ದಾಟುತ್ತೇವೆ. ಬೋರ್ಡಿಲ್ಲ, ಗೇಟಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಈಚೆಗೆ ಬ್ರಿಟಿಷರ ಮುಂಬೈ ಪ್ರಾಂತ, ಆಚೆಗೆ ನಿಜಾಮರ ಹೈದರಾಬಾದ್.

ಸ್ವಾಮೀಜಿಯವರೂ ಅಂಥ ಗಡಿ ದಾಟಿ ಬಂದವರೇ. 1903ರಲ್ಲಿ ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡ್ಗೀಕರ್. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಕೆಲಸ ಮಾಡಿದರು. ಹಿಪ್ಪರಗಾ, ಅಂಬಾಜೋಗಾಯಿಯ ಶಾಲೆಗಳಲ್ಲಿ ಮೇಷ್ಟ್ರಾದರು, ಸನ್ಯಾಸ ತೆಗೆದುಕೊಂಡರು. ಆದರೆ ಮಠ ಕಟ್ಟಲಿಲ್ಲ. ಕಟ್ಟಿದ್ದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು. 1938ರಲ್ಲಿ ಸತ್ಯಾಗ್ರಹ ಮಾಡಿ ಜೈಲು ಸೇರಿದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಸಿಹಿ ಹಂಚುತ್ತಿದ್ದಾಗ ನಿಜಾಮರ ಸರಕಾರ ಅವರನ್ನು ಬಂಧಿಸಿತು. ನಡುವೆ ಬಿಡುಗಡೆಯಾದರೂ ಮತ್ತೆ ಬಂಧಿಸಿತು; 1948ರ ಸೆಪ್ಟೆಂಬರ್ 17ರಂದು ನಿಜಾಮರ ಸೇನೆ ಶರಣಾದ ಮೇಲೆ ಅವರು ಕೊನೆಗೂ ಹೊರಬಂದರು.

ಅವರನ್ನು ಸೌಮ್ಯವಾದಿ ಎನ್ನಬಹುದೇ? ಕಾಂಗ್ರೆಸ್ಸಿನೊಳಗೆ ಆ ಹೆಸರು ಬೂರ್ಗುಲ ರಾಮಕೃಷ್ಣರಾಯರ ಗುಂಪಿಗಿತ್ತು; ಸ್ವಾಮೀಜಿಯವರದು ಎಡಕ್ಕೆ ವಾಲಿದ ಗುಂಪು. ಅದೇ ಹೊತ್ತಿಗೆ ತೆಲಂಗಾಣದಲ್ಲಿ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರ ದಾರಿಯೂ ಅವರದಲ್ಲ. ನಡುವೆ ನಿಂತವರಿಗೆ ಎರಡೂ ಕಡೆಯ ಏಟು ತಪ್ಪದು.

1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಗುಲ್ಬರ್ಗದಿಂದ ಲೋಕಸಭೆಗೆ ಆರಿಸಿ ಬಂದರು. ಅಲ್ಲಿಂದ ಅವರು ಕೇಳಿದ್ದೇನು? ತಮ್ಮ ರಾಜ್ಯವನ್ನು ಭಾಷೆಯ ಪ್ರಕಾರ ಹಂಚಿಬಿಡಿ ಎಂದು! ಹೈದರಾಬಾದನ್ನು ಒಡೆಯುವುದು ಪಂಡಿತ್ ನೆಹರೂ ಅವರಿಗೆ ಇಷ್ಟವಿರಲಿಲ್ಲ. ಆದರೆ 1956ರ ನವೆಂಬರ್ 1ರಂದು ರಾಜ್ಯ ಮೂರು ಪಾಲಾಯಿತು. ಗುಲ್ಬರ್ಗ, ರಾಯಚೂರು, ಬೀದರ್ ನಮ್ಮ ಕಡೆ ಬಂದವು. ಮರಾಠವಾಡದ 5 ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ ಸೇರಿದವು. ಕೂತ ಕೊಂಬೆಯನ್ನೇ ಕಡಿಯುವುದು ದಡ್ಡತನ ಎನ್ನುತ್ತೇವೆ. ಜನರಿಗೆ ಅವರ ಭಾಷೆಯ ಕೋರ್ಟು, ಕಚೇರಿ, ಶಾಲೆ ಸಿಗಲಿ ಎಂದು ಕಡಿದರೆ? 1957ರಲ್ಲಿ ಔರಂಗಾಬಾದಿನ ಜನ ಅವರನ್ನು ಮತ್ತೆ ದೆಹಲಿಗೆ ಕಳಿಸಿದರು.

ನಾಸಿಕಕ್ಕೂ ಇಂಥದೊಂದು ನೆನಪಿದೆ. ರಕ್ಷಣಾ ಮಂತ್ರಿಯಾಗಿ ದೆಹಲಿಗೆ ಹೋದ ಕರಾಡದ ಯಶವಂತರಾವ್ ಚವ್ಹಾಣರನ್ನು 1963ರಲ್ಲಿ ಆ ಕ್ಷೇತ್ರ ಅವಿರೋಧವಾಗಿ ಆರಿಸಿತು. ಚವ್ಹಾಣರ ಹಿಂದೆ ದೊಡ್ಡ ಅಧಿಕಾರವಿತ್ತು. ಸ್ವಾಮೀಜಿ ಮಂತ್ರಿಯಾಗಲೇ ಇಲ್ಲ. ಅವರನ್ನು ಗುರುವೆಂದು ನೆನೆದ ಪಿ.ವಿ. ನರಸಿಂಹರಾವ್ ಮುಂದೆ ಪ್ರಧಾನಿಯಾದರು.

1972ರ ಜನವರಿ 22ರಂದು ಸ್ವಾಮೀಜಿ ತೀರಿಕೊಂಡರು. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಮರಾಠಿಗರು ಅವರನ್ನು ಚೆನ್ನಾಗಿಯೇ ನೆನೆಯುತ್ತಾರೆ. ಮರೆತವರು ನಾವು, ನನ್ನಂಥವರು.

ಫೋನ್ ಮಾಡಿದ ಹಿರಿಯರೇ, ಕೇಳುತ್ತಿದ್ದೀರಾ? ಹೌದು, ಅವರು ನಿಮ್ಮ ಎಂ.ಪಿ. 1952ರಲ್ಲಿ ಓಟು ಹಾಕಿದವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ, ನಮಗೂ ಒಂದು ಪತ್ರ ಬರೆಯಿರಿ. ಅವರದೇ ಮಾತಿನಲ್ಲಿ ಓದಿ ಹೇಳುತ್ತೇನೆ.