ಪಶ್ಚಿಮದ ಅಸಮಾಧಾನದಿಂದ ಒಟ್ಟಾವದ ಗದ್ದುಗೆಗೆ



ಪ್ರಾದೇಶಿಕ ಪಕ್ಷವೆಂದರೆ ರಾಷ್ಟ್ರೀಯ ಪಕ್ಷದ ಬಾಲಂಗೋಚಿ, ಇಲ್ಲವೇ ಅದರ ಮಗ್ಗುಲ ಮುಳ್ಳು ಎಂದು ಭಾವಿಸುವ ರೂಢಿಯಿದೆ. ಕೆನಡಾದ ರಿಫಾರ್ಮ್ ಪಕ್ಷ ಎರಡೂ ಆಗಲಿಲ್ಲ. ಅದು ರಾಷ್ಟ್ರೀಯ ಪಕ್ಷವೊಂದನ್ನು ತನ್ನ ಅಚ್ಚಿನಲ್ಲಿಯೇ ಹೊಸದಾಗಿ ಎರಕ ಹೊಯ್ದಿತು. ಅದಕ್ಕಾಗಿ ತೆತ್ತ ಬೆಲೆಯೂ ಅಲ್ಪವಲ್ಲ.

ಅದರ ಹುಟ್ಟಿನ ಹಿಂದೆ ಒಂದು ಗುತ್ತಿಗೆಯ ಕಥೆಯಿದೆ. 1986ರಲ್ಲಿ ಸಿಎಫ್-18 ಯುದ್ಧವಿಮಾನಗಳ ನಿರ್ವಹಣೆಗೆ ವಿನ್ನಿಪೆಗ್ ನಗರದ ಸಂಸ್ಥೆಯೊಂದು ಕಡಿಮೆ ದರವನ್ನೂ ಉತ್ತಮ ತಾಂತ್ರಿಕ ಪ್ರಸ್ತಾವವನ್ನೂ ಮುಂದಿಟ್ಟಿತ್ತು. ಆದರೂ ಬ್ರಯನ್ ಮಲ್ರೋನಿಯವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಸರ್ಕಾರ ಆ ಕೆಲಸವನ್ನು ಮಾಂಟ್ರಿಯಲ್ಲಿಗೆ ಒಪ್ಪಿಸಿತು. ಲಿಬರಲ್ಲರ 1980ರ ಇಂಧನ ನೀತಿಯಿಂದ ಮೊದಲೇ ನೊಂದಿದ್ದ ಪಶ್ಚಿಮದವರಿಗೆ, ತಾವೇ ಮತವಿತ್ತು ಗೆಲ್ಲಿಸಿದವರೂ ಹೀಗೆ ಮಾಡಿದ್ದು ಸಹಿಸಲಾಗಲಿಲ್ಲ. ಮರುವರ್ಷ ಅದೇ ವಿನ್ನಿಪೆಗ್‌ನಲ್ಲಿ ಪ್ರೆಸ್ಟನ್ ಮ್ಯಾನಿಂಗ್ ಅವರ ನೇತೃತ್ವದಲ್ಲಿ ಪಕ್ಷ ಸ್ಥಾಪನೆಯಾಯಿತು. ಪ್ರತ್ಯೇಕ ರಾಷ್ಟ್ರದ ಬೇಡಿಕೆ ಅದಕ್ಕಿರಲಿಲ್ಲ. ಪಶ್ಚಿಮಕ್ಕೂ ಒಳಗೆ ಪ್ರವೇಶ ಬೇಕೆಂಬುದೇ ಅದರ ಘೋಷಣೆ. ನೊಂದವರು ಬಾಗಿಲು ಮುರಿಯುವುದಕ್ಕೂ ಬಾಗಿಲು ತಟ್ಟುವುದಕ್ಕೂ ಇರುವ ಅಂತರ ಸಣ್ಣದಲ್ಲ.

1988ರಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. 1993ರಲ್ಲಿ 52 ದೊರೆತವು. 169 ಸ್ಥಾನ ಗೆದ್ದಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಕೇವಲ 2ಕ್ಕೆ ಕುಸಿಯಿತು. ಕೊರತೆ ಬಜೆಟ್ಟಿಗೆ ಅಂತ್ಯ ಹಾಡಬೇಕೆಂದು ರಿಫಾರ್ಮ್ ಒತ್ತಾಯಿಸುತ್ತಿತ್ತು. ಹಣಕಾಸು ಮಾರುಕಟ್ಟೆಯ ಒತ್ತಡವೂ ಕೂಡಿದಾಗ, 1995ರ ಬಜೆಟ್ಟಿನಲ್ಲಿ ವೆಚ್ಚಕ್ಕೆ ಕತ್ತರಿ ಹಾಕಿದವರು ಲಿಬರಲ್ಲರೇ!

1997ರಲ್ಲಿ 60 ಸ್ಥಾನ ಪಡೆದು ಅಧಿಕೃತ ವಿರೋಧಪಕ್ಷವಾದರೂ ಅಷ್ಟೂ ಪಶ್ಚಿಮದವೇ. ಆಂಟಾರಿಯೊದ 103ರಲ್ಲಿ ಒಂದೂ ಇಲ್ಲ. ಒಡೆದ ಬಲಪಂಥೀಯ ಮತಗಳ ನಡುವೆ ಲಿಬರಲ್ಲರು 101 ಗೆದ್ದರು. ಈ ಗೋಡೆ ದಾಟಲು 2000ದಲ್ಲಿ ಪಕ್ಷ ‘ಕೆನೇಡಿಯನ್ ಅಲಯನ್ಸ್’ ಆಯಿತು. 2003ರ ಡಿಸೆಂಬರಿನಲ್ಲಿ ಅದು ತನ್ನ ಹಳೆಯ ಎದುರಾಳಿಯೊಡನೆ ಬೆರೆತು ಕನ್ಸರ್ವೇಟಿವ್ ಪಕ್ಷವೆನಿಸಿತು. ‘ಪ್ರೋಗ್ರೆಸಿವ್’ ಎಂಬ ಪದ ಉದುರಿಹೋಯಿತು, ‘ರಿಫಾರ್ಮ್’ ಎಂಬುದೂ ಉಳಿಯಲಿಲ್ಲ. ನಾಯಕರಾದವರು ಮಾತ್ರ ರಿಫಾರ್ಮ್ ಪಕ್ಷದ ಮೊದಲ ನೀತಿಪತ್ರ ರೂಪಿಸಿದ್ದ ಸ್ಟೀಫನ್ ಹಾರ್ಪರ್. 2006ರಲ್ಲಿ ಅವರು ಪ್ರಧಾನಿಯಾದರು. 2011ರ ಬಹುಮತದ 166 ಸ್ಥಾನಗಳಲ್ಲಿ 73 ಆಂಟಾರಿಯೊದವು.

ಇನ್ನು ಮೂಲ ಬೇಡಿಕೆಯ ಮಾತು. ಮೇಲ್ಮನೆಯಾದ ಸೆನೆಟ್ಟಿಗೆ ಚುನಾವಣೆ ನಡೆಯಬೇಕು, ಅಲ್ಲಿ ಪ್ರತಿ ಪ್ರಾಂತಕ್ಕೂ ಸಮಾನ ಸ್ಥಾನ ಇರಬೇಕು, ಅದಕ್ಕೆ ನಿಜವಾದ ಅಧಿಕಾರ ಇರಬೇಕು ಎಂದು ರಿಫಾರ್ಮ್ ಕೇಳಿತ್ತು. 2008ರ ಡಿಸೆಂಬರಿನಲ್ಲಿ ಹಾರ್ಪರ್ ಅವರು ಹಳೆಯ ಪದ್ಧತಿಯಂತೆಯೇ ಒಮ್ಮೆಗೆ 18 ಮಂದಿಯನ್ನು ಸೆನೆಟ್ಟಿಗೆ ಹೆಸರಿಸಿದರು. ಸೆನೆಟ್ಟಿನ ಚುನಾವಣೆಗೆ ಸಂಸತ್ತಿನ ಕಾನೂನು ಸಾಲದು, ಕನಿಷ್ಠ ಏಳು ಪ್ರಾಂತಗಳ ಒಪ್ಪಿಗೆ ಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಆ ಕಡತವೂ ಮುಚ್ಚಿತು.