ಓಲೋಲೇ ಮತ್ತು ಚಂದಮಾಮ

ಓಲೋಲೇ!

ಇದು ನಮ್ಮ ಕುರುಗೋಡು ಗುಡ್ಡದ ಕುರಿಗಾಹಿಗಳ ಕೂಗಲ್ಲ. ಫ್ರಾನ್ಸಿನ ಪಡುವಣ ತುದಿಯ ಬ್ರಿಟನಿ ಸೀಮೆಯಲ್ಲಿ ದನಗಾಹಿ ಹುಡುಗರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ಕೂಗು. 1940ರ ಕೊನೆಗೆ ಹೆರ್ರಿ ಕಾವಿಸಿನ್ ಅಲ್ಲಿ ಮಕ್ಕಳ ಪತ್ರಿಕೆಯೊಂದನ್ನು ಹೊರಡಿಸಿ ಅದೇ ಹೆಸರಿಟ್ಟರು.

ಶಾಲೆಯಲ್ಲಿ ಅಲ್ಲಿನ ಬ್ರೆಟನ್ ಮಾತು ಬಾಯಿಗೆ ಬಂದರೆ ಮಗುವಿನ ಕೊರಳಿಗೆ ಮರದ ಪಾದರಕ್ಷೆ ತೂಗುಹಾಕಿ ನಾಚಿಸುತ್ತಿದ್ದ ಕಾಲವನ್ನು ಆ ಸೀಮೆ ಕಂಡಿತ್ತು. ಅಂಥ ನೋವುಂಡ ಜನ ತಮ್ಮ ಸಂತರ, ವೀರರ ಕತೆಗಳನ್ನು ಮಕ್ಕಳಿಗೆ ಚಿತ್ರಗಳಲ್ಲಿ ಹೇಳಹೊರಟರೆ ಬೇಡವೆನ್ನಲು ನನಗಂತೂ ಮನಸ್ಸು ಬಾರದು. ಆದರೆ ನೆಲ ಆಗ ಜರ್ಮನ್ ಸೇನೆಯ ಕೈಯಲ್ಲಿತ್ತು. ಅವರ ಒಪ್ಪಿಗೆಯಿಲ್ಲದೆ ಪತ್ರಿಕೆ ನಡೆಯುವಂತಿರಲಿಲ್ಲ. ಕತೆಗಳ ಜೊತೆಗೇ, ಆ ಸೇನೆಯೊಡನೆ ಕೈಜೋಡಿಸಿದ್ದ ಮಾರ್ಷಲ್ ಪೆತಾಂ ಸರ್ಕಾರದ ಗುಣಗಾನವೂ ಎಳೆಯ ಕಿವಿಗಳಿಗೆ ಬಿತ್ತು. ಹೆರ್ರಿ ಯಾರಿಗೆ ಕಾರ್ಯದರ್ಶಿಯಾಗಿದ್ದರೋ ಆ ಪಾದ್ರಿ ಯಾನ್-ವಾರಿ ಪೆರ್ರೊ 1943ರ ಡಿಸೆಂಬರ್ 12ರಂದು ಗುಂಡಿಗೆ ಬಲಿಯಾದರು. 1944ರಲ್ಲಿ ಪತ್ರಿಕೆ ನಿಂತಿತು. ಯುದ್ಧ ಮುಗಿದ ಮೇಲೆ ಬ್ರೆಟನ್ ಮಾತನ್ನು ಬರೀ ಪ್ರೀತಿಯಿಂದ ಆಡಿದವರನ್ನೂ ಜನ ಅನುಮಾನದಿಂದ ನೋಡಿದರು. ನನ್ನನ್ನು ಹೆಚ್ಚು ಕಾಡುವುದು ಇದೇ.

ಇತ್ತ ನಮ್ಮ ಬಳ್ಳಾರಿ ಸೀಮೆಗೆ ಬನ್ನಿ. ಸಿರುಗುಪ್ಪದ ಕಡೆ ಅಜ್ಜಿ ತೆಲುಗಿನಲ್ಲಿ ಕರೆದರೆ ಮೊಮ್ಮಗ ಕನ್ನಡದಲ್ಲಿ ಓಗೊಡುತ್ತಾನೆ. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಮಕ್ಕಳ ಪತ್ರಿಕೆ 'ಚಂದಮಾಮ' 1949ರಲ್ಲಿ ಕನ್ನಡಕ್ಕೂ ಬಂತು. ಬಳ್ಳಾರಿಯೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ಮುಂದಿನ ನಾಲ್ಕು ವರ್ಷ ದೊಡ್ಡವರ ಬಾಯಲ್ಲಿ ಒಂದೇ ಮಾತು: ಬಳ್ಳಾರಿ ಯಾರದು, ಕನ್ನಡನಾಡಿನದೋ ಆಂಧ್ರದ್ದೋ? ಆಂಧ್ರ ರಾಜ್ಯ ರಚನೆಯ ಬಗ್ಗೆ ವಾಂಛೂ ವರದಿ ಬಂತು, ಬಳ್ಳಾರಿ ತಾಲ್ಲೂಕಿಗೆಂದೇ ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಯಿತು. ಬಳ್ಳಾರಿ ಕನ್ನಡನಾಡಿಗೆ ಸಂದದ್ದು ನ್ಯಾಯವೆಂದು ನಂಬಿದವನು ನಾನು. ಆದರೂ ಆ ಕಾವಿನ ದಿನಗಳಲ್ಲಿ ಮಕ್ಕಳ ಕೈಗೆ ಬಂದದ್ದು ಜಗಳದ ಕರಪತ್ರವಲ್ಲ, ಕತೆ ಎಂಬುದಕ್ಕೆ ನನಗೆ ಸಮಾಧಾನವಿದೆ. ಚಂದಮಾಮದಲ್ಲೂ ರಾಜರಿದ್ದರು, ಪುರಾಣವಿತ್ತು, ನೀತಿಯಿತ್ತು. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಬರೆದ ಚಿತ್ರಗಳನ್ನು ತೆಲುಗು ಮಕ್ಕಳೂ ಕಣ್ಣರಳಿಸಿ ನೋಡಿದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿಯಾಚೆ ಆದೋನಿಯಲ್ಲಿ ತೆಲುಗು ಚಂದಮಾಮ, ಈಚೆ ಸಿರುಗುಪ್ಪದಲ್ಲಿ ಕನ್ನಡ ಚಂದಮಾಮ. ಪುಟ ತೆರೆದರೆ ಎರಡರಲ್ಲೂ ಅದೇ ರಾಜಕುಮಾರ, ಅದೇ ಕುದುರೆ.