ಮೈಕ್ ಕಂಡ ಮೇಲೆ ಬಂದ ಮರ್ಯಾದೆ



ಮೊನ್ನೆ ಬೇರೊಂದು ಸುದ್ದಿಗೆ ಅಂತ ರಾಜಾನುಕುಂಟೆಗೆ ಹೋಗಿದ್ದೆ. ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಸಿಗೋ ಊರು. ಅಲ್ಲಿ ಮೆಡಿಕಲ್ ಶಾಪ್ ಮುಂದೆ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ ನಿಂತಿದ್ರು. ಎಂಟು ದಿನದಿಂದ ಜ್ವರ. ಚೀಟಿ ಇಲ್ಲದೆ ಮಾತ್ರೆ ಕೇಳ್ತಿದ್ರು. ಆಸ್ಪತ್ರೆಗೆ ಹೋಗಬಾರದಾ ಅಕ್ಕಾ ಅಂದೆ.

"ಹೋಗಿದ್ದೆ ಅಣ್ಣ. ಆಧಾರ್ ನೋಡಿ ಚೀಟಿ ಬರೆದ್ರು. ಆಮೇಲೆ ಜೋರಾಗಿ ಗಂಡಸಿನ ಹೆಸರು ಕೂಗಿದ್ರು. ಸೀರೆ ಉಟ್ಟಿರೋ ನಾನು ಎದ್ದೆ. ಕೂತಿದ್ದೋರೆಲ್ಲ ನಕ್ರು. ಚೀಟಿ ಅಲ್ಲೇ ಬಿಟ್ಟು ಬಂದೆ."

ಕಾನೂನು ಇಲ್ವಾ? ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಇವರನ್ನು ತೃತೀಯ ಲಿಂಗಿಗಳೆಂದು ಗುರುತಿಸಿತು. 2019ರ ಕಾಯ್ದೆಯ 15ನೇ ಸೆಕ್ಷನ್ ಆರೋಗ್ಯ ಸೇವೆಯನ್ನು ಸರ್ಕಾರದ ಹೊಣೆ ಮಾಡಿತು. 2022ರಲ್ಲಿ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿ ವಿಮೆ ಘೋಷಣೆ ಆಯ್ತು. ಸಲಿಂಗಿಗಳಿಗೂ ರಕ್ಷಣೆ ಇದೆ. ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಸಲಿಂಗಿಗಳನ್ನು 'ಸರಿ ಮಾಡ್ತೀವಿ' ಅನ್ನೋ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿತು.

ಇಷ್ಟೆಲ್ಲ ದೆಹಲಿಯಿಂದ ಹೊರಟು, ಚೀಟಿ ಕೌಂಟರ್ ಹತ್ತಿರ ಬಂದು ನಿಂತುಬಿಡುತ್ತೆ.

ಅವತ್ತು ನಾನೂ ನಮ್ಮ ಕ್ಯಾಮೆರಾಮನ್ನೂ ಅವರ ಜೊತೆ ಆಸ್ಪತ್ರೆಗೆ ಹೋದ್ವಿ. ಕೈಯಲ್ಲಿ ಚಾನೆಲ್ ಮೈಕ್ ಇತ್ತು ನೋಡಿ, ಅದೇ ಕೌಂಟರ್‌ನಲ್ಲಿ "ಬನ್ನಿ, ಕೂತ್ಕೊಳ್ಳಿ" ಅಂದ್ರು. ರಕ್ತ ಪರೀಕ್ಷೆ ಆಯ್ತು, ಮಾತ್ರೆ ಸಿಕ್ತು. ಅಂದ್ರೆ ಮರ್ಯಾದೆಯಿಂದ ಮಾತಾಡೋದು ಅವರಿಗೆ ಗೊತ್ತಿತ್ತು! ಆದ್ರೆ ಜ್ವರ ಬಂದಾಗೆಲ್ಲ ಯಾರು ಮೈಕ್ ಹಿಡ್ಕೊಂಡು ಹೋಗ್ತಾರೆ?

ನಾನು ಓದಿದ್ದು ಇಂಜಿನಿಯರಿಂಗ್. ಸಿಸ್ಟಂ ಕೈಕೊಟ್ಟರೆ ಬಳಸೋರನ್ನ ಬೈಬೇಡ, ಡಿಸೈನ್ ನೋಡು ಅಂತ ಕಲಿಸಿದ್ರು. ಇಲ್ಲಿ ಡಿಸೈನ್ ಬದಲಾಯಿಸೋಕೆ ಕೋಟಿಗಟ್ಟಲೆ ಬೇಡ. ಹೆಸರು ಕೂಗೋ ಬದಲು ಟೋಕನ್ ನಂಬರ್ ಕೂಗಿ. ನಿಮ್ಮನ್ನ ಏನಂತ ಕರೀಬೇಕು ಅಂತ ಒಂದು ಮಾತು ಕೇಳಿ. ಅವನು, ಅವಳು ಅಂತ ತಡವರಿಸೋ ಅಗತ್ಯಾನೂ ಇಲ್ಲ. ನಮ್ಮ ಕನ್ನಡದಲ್ಲಿ 'ಅವರು' ಇದೆ, 'ಬನ್ನಿ' ಇದೆ. ಆ ಎರಡೂ ಮಾತಿಗೆ ಗಂಡು ಹೆಣ್ಣಿನ ಭೇದ ಇಲ್ಲ.

ಇನ್ನೊಂದು ಮಾತು. ಆವತ್ತು ಕೂತಿದ್ದೋರು ನಕ್ಕರಲ್ಲ, ಆ ನಗು ಕಲಿಸಿದ್ರಲ್ಲಿ ಟಿವಿಯವರಾದ ನಮ್ಮ ಪಾಲೂ ಇದೆ. ಕಾಮಿಡಿ ಅಂತ ಎಷ್ಟು ಸಲ ತೋರಿಸಿದ್ದೀವಿ, ನೀವೇ ನೋಡಿದ್ದೀರಿ. ನಾವು ನಿಲ್ಲಿಸಬೇಕು. ನೀವೂ ಮುಂದಿನ ಸಲ ಆ ಸಾಲಿನಲ್ಲಿ ಕೂತಿದ್ದಾಗ, ದಯವಿಟ್ಟು ನಗಬೇಡಿ.